ರಾಬರ್ಟ್ ಲೆವಾಂಡೊವ್ಸ್ಕಿ: ಪದೇ ಪದೇ ಕೇಳುವ ಪ್ರಶ್ನೆಗಳು

ಫುಟ್‌ಬಾಲ್ ನೋಡುವ ಗೆಳೆಯರ ನಡುವೆ ಮಾತು ಶುರುವಾದರೆ ಮೆಸ್ಸಿ, ರೊನಾಲ್ಡೊ ಹೆಸರು ತಾನಾಗಿಯೇ ಬರುತ್ತದೆ. ಪೋಲೆಂಡಿನ ಸ್ಟ್ರೈಕರ್, ಅಂದರೆ ಮುಂದೆ ನಿಂತು ಗೋಲು ಹೊಡೆಯುವ ಆಟಗಾರ, ಲೆವಾಂಡೊವ್ಸ್ಕಿ ಹೆಸರು ಬರೋದು ಸ್ವಲ್ಪ ತಡವಾಗಿ. ಆದರೆ ಒಮ್ಮೆ ಬಂತು ಅಂದರೆ ಪ್ರಶ್ನೆ ಮೇಲೆ ಪ್ರಶ್ನೆ. ನಾನು ಅವನ ಆಟವನ್ನು ಜರ್ಮನಿಯ ಡಾರ್ಟ್‌ಮಂಡ್ ಕ್ಲಬ್ಬಿನ ದಿನಗಳಿಂದ ನೋಡುತ್ತಾ ಬಂದವನು. ಹಾಗಾಗಿ ಕೇಳಿಬರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೆಡೆ ಇಟ್ಟಿದ್ದೇನೆ. 2025ರವರೆಗಿನ ಆಟ ಮಾತ್ರ ಇದರಲ್ಲಿದೆ.

ಈ ಹೆಸರನ್ನು ಸರಿಯಾಗಿ ಹೇಳೋದು ಹೇಗೆ?

ಪೋಲೆಂಡಿನವರ ಬಾಯಲ್ಲಿ ಅದು ‘ಲೆವಾನ್‌ಡೊಫ್‌ಸ್ಕಿ’. ಕೊನೆಯಲ್ಲಿ ಬರುವ ‘ವ್’ ಪಕ್ಕದ ‘ಸ’ಕ್ಕೆ ತಾಗಿ ‘ಫ್’ ಆಗಿಬಿಡುತ್ತದೆ. ಕನ್ನಡದಲ್ಲಿ ಲೆವಾಂಡೊವ್ಸ್ಕಿ ಅಂತಲೇ ರೂಢಿ, ನಾನೂ ಹಾಗೇ ಬರೆಯುತ್ತೇನೆ. ಅಭಿಮಾನಿಗಳಿಗೆ ಅವನು ಬರೀ ‘ಲೆವಿ’.

ರಾಬರ್ಟ್ ಅನ್ನುವ ಹೆಸರಿಗೂ ಒಂದು ಕಥೆ ಇದೆ. ಮಗ ಮುಂದೆ ಹೊರದೇಶದಲ್ಲಿ ಆಡಿದರೆ ಅಲ್ಲಿನವರ ನಾಲಿಗೆಗೆ ಸಲೀಸಾಗಿರಲಿ ಅಂತ ಅಪ್ಪ ಈ ಹೆಸರು ಇಟ್ಟರಂತೆ. ಅವನು ಹುಟ್ಟಿದ್ದು 1988ರ ಆಗಸ್ಟ್ 21ರಂದು. ಆಗ ಪೋಲೆಂಡಿನಲ್ಲಿ ಇನ್ನೂ ಕಮ್ಯುನಿಸ್ಟ್ ಆಡಳಿತ. ಅಂಥ ಕಾಲದಲ್ಲಿ ತೊಟ್ಟಿಲಲ್ಲಿದ್ದ ಕೂಸಿನ ಬಗ್ಗೆ ಅಪ್ಪ ಇಷ್ಟು ದೂರ ಯೋಚಿಸಿದ್ದರು ಅನ್ನೋದು ನನಗೆ ತುಂಬಾ ಇಷ್ಟವಾದ ಸಂಗತಿ.

ಅವನ ಮನೆಯವರೂ ಆಟಗಾರರಾ?

ಹೌದು, ಇಡೀ ಮನೆಯೇ ಆಟದ ಮನೆ. ಅಪ್ಪ ಕ್ಷಿಶ್ತೊಫ್ ಜೂಡೊ ಪಟು, ಫುಟ್‌ಬಾಲನ್ನೂ ಆಡಿದವರು. ಅಮ್ಮ ಇವೊನಾ ವಾಲಿಬಾಲ್ ಆಟಗಾರ್ತಿ. ಅಕ್ಕ ಮಿಲೆನಾ ಕೂಡ ವಾಲಿಬಾಲ್. ಹುಟ್ಟಿದ್ದು ವಾರ್ಸಾದಲ್ಲಿ, ಬೆಳೆದದ್ದು ಪಕ್ಕದ ಲೆಶ್ನೊ ಅನ್ನುವ ಹಳ್ಳಿಯಲ್ಲಿ. ಮುಂದೆ ಮದುವೆಯಾದ ಅನ್ನಾ ಕೂಡ ಕರಾಟೆಯಲ್ಲಿ ಪದಕ ಗೆದ್ದವಳು.

2005ರಲ್ಲಿ ಅಪ್ಪ ತೀರಿಕೊಂಡರು. ಹುಡುಗನಿಗೆ ಆಗ 16 ವರ್ಷ. ಮಗ ದೊಡ್ಡ ಮೈದಾನದಲ್ಲಿ ಆಡಿದ್ದನ್ನು ಅವರು ನೋಡಲೇ ಇಲ್ಲ. ಈ ಮಾತು ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ವಾರ್ಸಾದ ಲೆಗಿಯಾ ಕ್ಲಬ್ ಅವನನ್ನು ಬೇಡ ಅಂದಿತ್ತು ಅನ್ನೋದು ನಿಜವೇ?

ನಿಜ. ಅದೂ ಒಂದಲ್ಲ, ಎರಡು ಸಲ.

ಮೊದಲ ಸಲ 2006ರಲ್ಲಿ. ಲೆಗಿಯಾದ ಎರಡನೇ ತಂಡದಲ್ಲಿದ್ದ. ಗಾಯವಾಗಿತ್ತು. ಕಾಲು ಕಡ್ಡಿಯ ಹಾಗೆ ಸಣ್ಣ, ಮೈಯಲ್ಲಿ ಮಾಂಸವೇ ಇಲ್ಲ. ಕ್ಲಬ್ ಒಪ್ಪಂದವನ್ನು ಮುಂದುವರಿಸಲಿಲ್ಲ. ಅಪ್ಪ ಹೋಗಿ ಇನ್ನೂ ವರ್ಷ ಒಂದೋ ಒಂದೂವರೆಯೋ ಆಗಿತ್ತು ಅಷ್ಟೇ. ಮನೆಯ ಕಂಬ ಬಿದ್ದ ಮೇಲೆ ಕೈಯಲ್ಲಿದ್ದ ಕೋಲೂ ಜಾರಿದ ಹಾಗೆ.

ಅಲ್ಲಿಂದ ಅವನು ಹೋಗಿದ್ದು ಜ್ನಿಚ್ ಪ್ರುಷ್ಕುವ್ ಅನ್ನುವ ಸಣ್ಣ ಕ್ಲಬ್ಬಿಗೆ, ಮೂರನೇ ದರ್ಜೆಯ ಲೀಗಿಗೆ. ಮೊದಲ ವರ್ಷವೇ 15 ಗೋಲು, ಆ ಲೀಗಿನಲ್ಲಿ ಅತಿ ಹೆಚ್ಚು. ತಂಡ ಎರಡನೇ ದರ್ಜೆಗೆ ಏರಿತು. ಮರುವರ್ಷ 21 ಗೋಲು, ಅಲ್ಲೂ ಅತಿ ಹೆಚ್ಚು.

ಈಗಲಾದರೂ ಲೆಗಿಯಾ ಕರೆಯಬಹುದಿತ್ತು, ಅಲ್ವಾ? ಕರೆಯಲಿಲ್ಲ. 2008ರಲ್ಲಿ ಅವರು ಸ್ಪೇನಿನಿಂದ ಬೇರೊಬ್ಬ ಸ್ಟ್ರೈಕರ್‌ನನ್ನು ತಂದರು. ಹಿತ್ತಲ ಗಿಡ ಮದ್ದಲ್ಲ ಅನ್ನೋದು ವಾರ್ಸಾದಲ್ಲೂ ನಡೆಯುವ ಮಾತು. ಅದೇ ಬೇಸಿಗೆಯಲ್ಲಿ ಲೆಖ್ ಪೊಜ್ನಾನ್ ಕ್ಲಬ್ ಸುಮಾರು 15 ಲಕ್ಷ ಜ್ಲೋಟಿ ಕೊಟ್ಟು ಅವನನ್ನು ಕೊಂಡುಕೊಂಡಿತು. ಪೋಲೆಂಡಿನ ಮೇಲ್ದರ್ಜೆ ಲೀಗಿನ ಮೊದಲ ಪಂದ್ಯದಲ್ಲೇ ಬದಲಿ ಆಟಗಾರನಾಗಿ ಇಳಿದು, ಹಿಮ್ಮಡಿಯಿಂದ ಗೋಲು ಹೊಡೆದ. 2010ರಲ್ಲಿ ಲೆಖ್ ಲೀಗ್ ಗೆದ್ದಿತು. 18 ಗೋಲು ಹೊಡೆದು ಲೀಗಿನ ಅಗ್ರ ಸ್ಕೋರರ್ ಆದವನು ಇವನೇ.

ಜ್ವಾಲಾಮುಖಿಯಿಂದ ಇಂಗ್ಲೆಂಡಿಗೆ ಹೋಗೋದು ತಪ್ಪಿತು ಅಂತಾರಲ್ಲ, ಅದೇನು?

2010ರ ಏಪ್ರಿಲ್‌ನಲ್ಲಿ ಐಸ್‌ಲ್ಯಾಂಡಿನ ಜ್ವಾಲಾಮುಖಿಯೊಂದು ಸಿಡಿದು, ಬೂದಿಯ ಮೋಡ ಯುರೋಪಿನ ಆಕಾಶವನ್ನೇ ಮುಚ್ಚಿತ್ತು. ಸಾವಿರಾರು ವಿಮಾನಗಳು ನಿಂತವು. ಆ ಹೊತ್ತಿಗೆ ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಲೆವಾಂಡೊವ್ಸ್ಕಿಯನ್ನು ಕರೆದಿತ್ತು. ಊರು, ಮೈದಾನ ನೋಡಿಕೊಂಡು ಬರೋಣ ಅಂತ ಇವನೂ ಹೊರಟಿದ್ದ. ವಿಮಾನ ಹಾರಲಿಲ್ಲ. ಭೇಟಿ ತಪ್ಪಿತು. ಜೂನ್‌ನಲ್ಲಿ ಜರ್ಮನಿಯ ಬೊರುಸಿಯಾ ಡಾರ್ಟ್‌ಮಂಡ್ ಸುಮಾರು 45 ಲಕ್ಷ ಯೂರೊ ಕೊಟ್ಟು ಅವನನ್ನು ಕರೆದುಕೊಂಡಿತು. ಬ್ಲ್ಯಾಕ್‌ಬರ್ನ್ ಎರಡೇ ವರ್ಷದಲ್ಲಿ ಪ್ರೀಮಿಯರ್ ಲೀಗಿನಿಂದ ಕೆಳಗಿಳಿಯಿತು. ಡಾರ್ಟ್‌ಮಂಡ್ ಆ ಎರಡೂ ವರ್ಷ ಜರ್ಮನಿಯ ಮೇಲ್ದರ್ಜೆ ಲೀಗಾದ ಬುಂಡೆಸ್‌ಲಿಗಾ ಗೆದ್ದಿತು.

ಡಾರ್ಟ್‌ಮಂಡ್‌ನಲ್ಲಿ ಬಂದ ಕೂಡಲೇ ಮಿಂಚಿದನಾ?

ಇಲ್ಲ. ಮೊದಲ ವರ್ಷ ಲೀಗಿನಲ್ಲಿ 8 ಗೋಲು ಅಷ್ಟೇ. ಪರಾಗ್ವೆಯ ಲೂಕಾಸ್ ಬಾರಿಯೊಸ್ ಮುಖ್ಯ ಸ್ಟ್ರೈಕರ್. ಇವನು ಎಷ್ಟೋ ಸಲ ಬೆಂಚಿನ ಮೇಲೆ, ಇಲ್ಲವೇ ಬಾರಿಯೊಸ್ ಹಿಂದೆ. ಜರ್ಮನ್ ಭಾಷೆಯೂ ಬರುತ್ತಿರಲಿಲ್ಲ. ಒಂದೇ ಸಮಾಧಾನ ಅಂದರೆ ತಂಡದಲ್ಲಿ ಇನ್ನಿಬ್ಬರು ಪೋಲೆಂಡಿನವರಿದ್ದರು, ಕುಬಾ ಬ್ವಾಶ್ಚಿಕೊವ್ಸ್ಕಿ ಮತ್ತು ವುಕಾಶ್ ಪಿಶ್ಚೆಕ್.

ಕೋಚ್ ಯುರ್ಗನ್ ಕ್ಲಾಪ್ ಅವನ ಜೊತೆ ಒಂದು ಬಾಜಿ ಕಟ್ಟಿದ್ದರು. ಒಂದು ದಿನದ ಅಭ್ಯಾಸದಲ್ಲಿ 10 ಗೋಲು ಹೊಡೆದರೆ ಕ್ಲಾಪ್ 50 ಯೂರೊ ಕೊಡಬೇಕು, ಇಲ್ಲದಿದ್ದರೆ ಇವನೇ ಕೊಡಬೇಕು. ಶುರುವಿನಲ್ಲಿ ದುಡ್ಡು ಕೊಟ್ಟವನು ಇವನೇ. ಕೆಲವು ತಿಂಗಳಲ್ಲಿ ಗಾಳಿ ತಿರುಗಿತು. ಕೊನೆಗೆ ಕ್ಲಾಪ್ ‘ಸಾಕಪ್ಪ’ ಅಂತ ಬಾಜಿ ನಿಲ್ಲಿಸಿದರು.

ಆದರೆ ನಿಜವಾದ ತಿರುವು ಬಂದಿದ್ದು 2011ರ ಶರತ್ಕಾಲದಲ್ಲಿ. ಸೆಪ್ಟೆಂಬರ್ ಕೊನೆಗೆ ಯುರೋಪಿನ ಅಗ್ರ ಕ್ಲಬ್ಬುಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಲ್ಲಿ ಫ್ರಾನ್ಸಿನ ಮಾರ್ಸೆ ಎದುರು ಡಾರ್ಟ್‌ಮಂಡ್ 0-3ರಿಂದ ಸೋತಿತು. ಇವನ ಆಟವೂ ಸಪ್ಪೆ. ಸೋಲಿನ ಆ ದಿನಗಳಲ್ಲಿ ಇವನು ನೇರವಾಗಿ ಕ್ಲಾಪ್ ಬಳಿ ಹೋಗಿ, ನನ್ನಿಂದ ನಿಮಗೆ ನಿಜವಾಗಿ ಏನು ಬೇಕು ಅಂತ ಕೇಳಿದ. ಅರ್ಧಂಬರ್ಧ ಜರ್ಮನ್‌ನಲ್ಲಿ, ಕೈಸನ್ನೆಯಲ್ಲಿ, ಸುಮಾರು ಎರಡು ತಾಸು ಮಾತು. ಅಪ್ಪನ ಜೊತೆ ಆಡಬೇಕಿದ್ದ, ಆಡಲಾಗದೇ ಹೋದ ಮಾತುಕತೆ ಅದಾಗಿತ್ತು ಅಂತ ಅವನೇ ಮುಂದೆ ಹೇಳಿಕೊಂಡಿದ್ದಾನೆ. ಅಕ್ಟೋಬರ್ 1ಕ್ಕೆ ಆಗ್ಸ್‌ಬರ್ಗ್ ಎದುರು ಪಂದ್ಯ. ಇವನದು ಹ್ಯಾಟ್ರಿಕ್, ಅಂದರೆ ಮೂರು ಗೋಲು, ತಂಡಕ್ಕೆ 4-0 ಗೆಲುವು. ಆ ಸೀಸನ್ ಮುಗಿಯುವಾಗ ಲೀಗಿನಲ್ಲಿ 22 ಗೋಲು. ಜರ್ಮನ್ ಕಪ್ ಫೈನಲ್‌ನಲ್ಲಿ ಬಾಯರ್ನ್ ಮ್ಯೂನಿಕ್ ವಿರುದ್ಧ 5-2ರ ಗೆಲುವು, ಅಲ್ಲೂ ಹ್ಯಾಟ್ರಿಕ್.

ಅವನ ಇಡೀ ಆಟದ ಬದುಕಿನಲ್ಲಿ ಒಂದೇ ವಾರವನ್ನು ಆರಿಸಿ ಅಂದರೆ ನಾನು ಮಾರ್ಸೆ ಸೋಲಿನಿಂದ ಆಗ್ಸ್‌ಬರ್ಗ್ ಗೆಲುವಿನವರೆಗಿನ ಆ ವಾರವನ್ನೇ ಆರಿಸುತ್ತೇನೆ.

ರಿಯಲ್ ಮ್ಯಾಡ್ರಿಡ್‌ಗೆ ನಾಲ್ಕು ಗೋಲು ಹೊಡೆದದ್ದು ಯಾವಾಗ?

2013ರ ಏಪ್ರಿಲ್ 24, ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಮೊದಲ ಪಂದ್ಯ. ಡಾರ್ಟ್‌ಮಂಡ್ 4, ರಿಯಲ್ ಮ್ಯಾಡ್ರಿಡ್ 1. ನಾಲ್ಕೂ ಇವನವೇ. ಆ ಲೀಗಿನ ಸೆಮಿಫೈನಲ್ ಒಂದರಲ್ಲಿ ನಾಲ್ಕು ಗೋಲು ಅದುವರೆಗೆ ಯಾರೂ ಹೊಡೆದಿರಲಿಲ್ಲ.

ಮೂರನೇ ಗೋಲನ್ನು ನಿಧಾನವಾಗಿ ನೋಡಬೇಕು. ಪೆನಾಲ್ಟಿ ಜಾಗದ ಹತ್ತಿರ ಚೆಂಡು ಕಾಲಿಗೆ ಬರುತ್ತದೆ. ಸುತ್ತಲೂ ಬಿಳಿ ಅಂಗಿಗಳು. ಅಂಗಾಲಿನಿಂದ ಚೆಂಡನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಎದುರಿದ್ದವರು ಒಂದು ಹೆಜ್ಜೆ ಮುಂದೆ ಹೋಗಿಬಿಡುತ್ತಾರೆ. ಅಷ್ಟೇ ಜಾಗ, ಅಷ್ಟೇ ಹೊತ್ತು. ಚೆಂಡು ಬಲೆಯ ಮೇಲ್ಛಾವಣಿಗೆ. ಫೈನಲ್‌ನಲ್ಲಿ ಮಾತ್ರ ಬಾಯರ್ನ್ 2-1ರಿಂದ ಗೆದ್ದಿತು.

ಅದೇ ಬಾಯರ್ನ್‌ಗೆ ಹೋಗಿದ್ದೇಕೆ? ಅದೂ ದುಡ್ಡಿಲ್ಲದೆ?

ಒಪ್ಪಂದ 2014ಕ್ಕೆ ಮುಗಿಯುತ್ತಿತ್ತು, ಮುಗಿದ ಮೇಲೆ ಡಾರ್ಟ್‌ಮಂಡ್‌ಗೆ ದುಡ್ಡು ಕೊಡದೆಯೇ ಅವನನ್ನು ಕರೆದುಕೊಳ್ಳಬಹುದಿತ್ತು. ಡಾರ್ಟ್‌ಮಂಡ್ ಮೊದಲೇ ಮಾರಲು ಒಪ್ಪಲಿಲ್ಲ, ಇವನು ಹೊಸ ಒಪ್ಪಂದಕ್ಕೆ ಸಹಿ ಹಾಕಲಿಲ್ಲ. 2014ರ ಜನವರಿಯಲ್ಲೇ ಬಾಯರ್ನ್ ಜೊತೆ ಸಹಿ ಆಯಿತು. ಎಲ್ಲ ಗೊತ್ತಿದ್ದೂ ಕೊನೆಯ ಆರು ತಿಂಗಳು ಡಾರ್ಟ್‌ಮಂಡ್‌ಗಾಗಿ ಮೈಮುರಿದು ಆಡಿದ. 20 ಗೋಲು ಹೊಡೆದು ಬುಂಡೆಸ್‌ಲಿಗಾದ ಅಗ್ರ ಸ್ಕೋರರ್ ಆಗಿಯೇ ಹೊರಟ.

ಒಂಬತ್ತು ನಿಮಿಷದಲ್ಲಿ ಐದು ಗೋಲು ಹೇಗೆ ಸಾಧ್ಯ?

ಲೆಕ್ಕ ಸರಿಯಾಗಿ ಹೇಳಬೇಕೆಂದರೆ 8 ನಿಮಿಷ 59 ಸೆಕೆಂಡು. 2015ರ ಸೆಪ್ಟೆಂಬರ್ 22. ವೋಲ್ಫ್ಸ್‌ಬರ್ಗ್ ಎದುರು ಬಾಯರ್ನ್ ಮೊದಲರ್ಧದಲ್ಲಿ 0-1 ಹಿಂದೆ. ಲೆವಾಂಡೊವ್ಸ್ಕಿ ಬೆಂಚಿನಲ್ಲಿದ್ದ. ವಿರಾಮದ ನಂತರ ಕೋಚ್ ಗ್ವಾರ್ಡಿಯೋಲಾ ಅವನನ್ನು ಇಳಿಸಿದರು. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿತ್ತು. ಮಲಗೋಣ ಅಂತ ಟಿವಿ ಆರಿಸಲು ಹೊರಟಿದ್ದವನು ನಾನು, ರಿಮೋಟ್ ಕೈಯಲ್ಲೇ ಉಳಿಯಿತು.

51ನೇ ನಿಮಿಷ: ಪೆನಾಲ್ಟಿ ಪೆಟ್ಟಿಗೆಯೊಳಗೆ ಯಾರ ಕಾಲಿಗೋ ತಾಗಿ ಬಂದ ಚೆಂಡು, ಹತ್ತಿರದಿಂದ ಗೋಲು. 52: ಪೆಟ್ಟಿಗೆಯ ಹೊರಗಿನಿಂದ ನೆಲಕ್ಕೆ ಅಂಟಿಕೊಂಡು ಹೋದ ಹೊಡೆತ. 55: ಮೊದಲು ಕಂಬಕ್ಕೆ ಬಡಿಯಿತು, ಎರಡನೆಯದನ್ನು ಗೋಲಿ (ಗೋಲ್‌ಕೀಪರ್) ತಡೆದ, ಮೂರನೆಯದು ಒಳಗೆ. 57: ಡಗ್ಲಸ್ ಕೋಸ್ಟಾ ಎಡದಿಂದ ಕೊಟ್ಟ ಚೆಂಡಿಗೆ ಕಾಲು ಕೊಟ್ಟ. 60: ಗೋಟ್ಸೆ ಬಲದಿಂದ ಎತ್ತಿ ಕೊಟ್ಟ ಚೆಂಡು ಗಾಳಿಯಲ್ಲಿದೆ, ಇವನೂ ಗಾಳಿಯಲ್ಲಿದ್ದಾನೆ, ಮೈಯನ್ನು ಅಡ್ಡಕ್ಕೆ ಚಾಚಿ ಕತ್ತರಿಯ ಹಾಗೆ ಕಾಲು ಬೀಸಿದ. ಗ್ವಾರ್ಡಿಯೋಲಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಿಂತಿದ್ದರು.

ಗಿನ್ನೆಸ್‌ನವರು ಇದಕ್ಕೆ ನಾಲ್ಕು ದಾಖಲೆ ಪತ್ರ ಕೊಟ್ಟರು. ಬುಂಡೆಸ್‌ಲಿಗಾದ ಅತಿ ವೇಗದ ಹ್ಯಾಟ್ರಿಕ್, ಅತಿ ವೇಗದ ನಾಲ್ಕು ಗೋಲು, ಅತಿ ವೇಗದ ಐದು ಗೋಲು, ಮತ್ತು ಬದಲಿ ಆಟಗಾರನೊಬ್ಬ ಹೊಡೆದ ಅತಿ ಹೆಚ್ಚು ಗೋಲು. ನನಗೆ ಇವುಗಳಲ್ಲಿ ಮೂರನೇ ಗೋಲೇ ಹೆಚ್ಚು. ಎರಡು ಸಲ ತಪ್ಪಿದರೂ ಅವನು ಚೆಂಡಿನಿಂದ ಕಣ್ಣು ತೆಗೆಯಲಿಲ್ಲ ನೋಡಿ.

41 ಗೋಲಿನ ದಾಖಲೆ ಅಷ್ಟು ದೊಡ್ಡದೇ?

ತುಂಬಾ ದೊಡ್ಡದು. ಬಾಯರ್ನ್‌ನ ಹಳೆಯ ಸ್ಟ್ರೈಕರ್ ಗೆರ್ಡ್ ಮ್ಯುಲರ್ 1971-72ರಲ್ಲಿ ಒಂದೇ ಬುಂಡೆಸ್‌ಲಿಗಾ ಸೀಸನ್‌ನಲ್ಲಿ 40 ಗೋಲು ಹೊಡೆದಿದ್ದರು. 49 ವರ್ಷ ಅದರ ಹತ್ತಿರ ಯಾರೂ ಸುಳಿಯಲಿಲ್ಲ. 2020-21ರಲ್ಲಿ ಲೆವಾಂಡೊವ್ಸ್ಕಿ ಓಟ ನೋಡಿದರೆ ದಾಖಲೆ ಸಲೀಸಾಗಿ ಬೀಳುವ ಹಾಗಿತ್ತು. ಅಷ್ಟರಲ್ಲಿ ಮಾರ್ಚ್‌ನಲ್ಲಿ ಪೋಲೆಂಡ್ ಪರ ಆಡುವಾಗ ಮೊಣಕಾಲಿಗೆ ಪೆಟ್ಟು. ಹಲವು ಪಂದ್ಯ ತಪ್ಪಿತು.

ಮರಳಿ ಬಂದವನು ಮೇ 15ರಂದು ಫ್ರೈಬುರ್ಗ್‌ನಲ್ಲಿ 40ನೇ ಗೋಲು ಹೊಡೆದ. ಅಂಗಿ ಎತ್ತಿದ. ಒಳಗಿನ ಬನಿಯನ್ ಮೇಲೆ ಮ್ಯುಲರ್ ಚಿತ್ರ, ಜೊತೆಗೆ ‘ಗೆರ್ಡ್ ಎಂದೆಂದಿಗೂ’ ಎನ್ನುವ ಅರ್ಥದ ಬರಹ. ತಂಡದವರು ಎರಡು ಸಾಲಾಗಿ ನಿಂತು ಚಪ್ಪಾಳೆ ತಟ್ಟಿದರು. ಮ್ಯುಲರ್ ಆಗ ಮರೆವಿನ ಕಾಯಿಲೆಯಲ್ಲಿದ್ದರು. ಮೂರು ತಿಂಗಳಲ್ಲಿ ತೀರಿಕೊಂಡರು.

ಮುಂದಿನ ವಾರ ಕೊನೆಯ ಪಂದ್ಯ, ಮತ್ತೆ ಆಗ್ಸ್‌ಬರ್ಗ್ ಎದುರು. 90ನೇ ನಿಮಿಷದವರೆಗೂ ಇವನಿಂದ ಗೋಲಿಲ್ಲ. ಆಗ ಜೊತೆಯಾಟಗಾರ ಸಾನೆ ಹೊಡೆದ ಚೆಂಡು ಗೋಲಿಯ ಕೈ ಜಾರಿತು. ಇವನು ಅಲ್ಲೇ ಇದ್ದ. ಗೋಲಿಯನ್ನು ಸುತ್ತಿಕೊಂಡು ಹೋಗಿ ಹೊಡೆದ. 41. ಆ ಗೋಲಿ ರಫಾವ್ ಗಿಕಿಯೆವಿಚ್ ಕೂಡ ಪೋಲೆಂಡಿನವನೇ! 41 ಗೋಲು ಬಂದಿದ್ದು 29 ಪಂದ್ಯಗಳಲ್ಲಿ.

ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಯಾಕೆ ಸಿಗಲಿಲ್ಲ?

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬೇರೆ ಮಾತಿಲ್ಲ.

2019-20ರಲ್ಲಿ ಅವನು 47 ಪಂದ್ಯಗಳಲ್ಲಿ 55 ಗೋಲು ಹೊಡೆದ. ಲೀಗಿನಲ್ಲಿ 34, ಜರ್ಮನ್ ಕಪ್‌ನಲ್ಲಿ 6, ಚಾಂಪಿಯನ್ಸ್ ಲೀಗ್‌ನಲ್ಲಿ 15. ಮೂರರಲ್ಲೂ ಅಗ್ರ ಸ್ಕೋರರ್ ಅವನೇ, ಮೂರನ್ನೂ ಗೆದ್ದದ್ದು ಬಾಯರ್ನ್. ಆದರೆ ಕೋವಿಡ್ ಕಾರಣಕ್ಕೆ 2020ರ ಪ್ರಶಸ್ತಿಯನ್ನೇ ರದ್ದು ಮಾಡಿದರು. ಲೀಗುಗಳು ಮತ್ತೆ ಶುರುವಾಗಿದ್ದವು, ಕಪ್ಪುಗಳನ್ನು ಕೊಟ್ಟರು, ಈ ಒಂದು ಪ್ರಶಸ್ತಿಯನ್ನು ಮಾತ್ರ ಕೊಡಲಿಲ್ಲ. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಫಿಫಾ ಆ ವರ್ಷವೂ ಮರುವರ್ಷವೂ ತನ್ನ ಶ್ರೇಷ್ಠ ಆಟಗಾರ ಪ್ರಶಸ್ತಿಯನ್ನು ಇವನಿಗೇ ಕೊಟ್ಟಿತು.

2021ರ ಬ್ಯಾಲನ್ ಡಿ’ಓರ್‌ನಲ್ಲಿ ಮೆಸ್ಸಿಗೆ 613 ಅಂಕ, ಇವನಿಗೆ 580. ವೇದಿಕೆಯಲ್ಲಿ ನಿಂತ ಮೆಸ್ಸಿ, ಹಿಂದಿನ ವರ್ಷದ ಪ್ರಶಸ್ತಿ ನಿನ್ನದು, ಅದನ್ನು ನಿನ್ನ ಮನೆಗೆ ಕೊಡಬೇಕು ಅನ್ನುವ ಮಾತನ್ನು ಎಲ್ಲರೆದುರು ಹೇಳಿದ. ಯಾರೂ ಕೊಡಲಿಲ್ಲ.

ಅವನ ಆಟದಲ್ಲಿ ಅಂಥ ವಿಶೇಷ ಏನಿದೆ?

ಮೆಸ್ಸಿಯ ಹಾಗೆ ಐದಾರು ಜನರನ್ನು ದಾಟಿ ಹೋಗುವವನಲ್ಲ. ಎಂಬಾಪೆಯ ಓಟವೂ ಇಲ್ಲ. ಅವನ ವಿದ್ಯೆ ಇರೋದು ಚೆಂಡು ಬರುವ ಮುಂಚೆ. ಒಮ್ಮೆ ಚೆಂಡನ್ನು ಬಿಟ್ಟು ಅವನನ್ನೇ ನೋಡಿ. ಎದುರಾಳಿಯ ಬೆನ್ನ ಹಿಂದೆ ನಿಂತಿರುತ್ತಾನೆ. ಎರಡು ಹೆಜ್ಜೆ ದೂರ ಹೋಗುತ್ತಾನೆ, ಎದುರಾಳಿಯೂ ಹೋಗುತ್ತಾನೆ. ತಟ್ಟನೆ ತಿರುಗಿ ಹತ್ತಿರದ ಕಂಬದ ಕಡೆ ನುಗ್ಗುತ್ತಾನೆ. ಚೆಂಡು ಬರುವಾಗ ಅವನ ಮುಂದೆ ಯಾರೂ ಇರುವುದಿಲ್ಲ. ಬಲಗಾಲು, ಎಡಗಾಲು, ತಲೆ, ಮೂರೂ ಒಂದೇ ಸಮ. ಗೋಲು ಕಂಬಗಳಿಗೆ ಬೆನ್ನು ಹಾಕಿ ಚೆಂಡು ಹಿಡಿದು ಜೊತೆಯವರಿಗೆ ಕೊಡುವುದನ್ನೂ ಚೆನ್ನಾಗಿ ಬಲ್ಲ. ಬಾರಿಯೊಸ್ ಹಿಂದೆ ಆಡಿದ ಆ ಮೊದಲ ವರ್ಷ ಸುಮ್ನೆ ಹೋಗಲಿಲ್ಲ.

ಪೆನಾಲ್ಟಿಯಲ್ಲಿ ಅವನದೇ ಒಂದು ನಡೆ ಇದೆ. ಓಡಿ ಬರುತ್ತಾ ನಿಂತೇಬಿಟ್ಟ ಅನ್ನುವಷ್ಟು ನಿಧಾನವಾಗುತ್ತಾನೆ. ಕಣ್ಣು ಗೋಲಿಯ ಮೇಲೆ. ಗೋಲಿ ಒಂದು ಕಡೆ ವಾಲಿದರೆ ಇನ್ನೊಂದು ಕಡೆ ಹೊಡೆತ. ಇದರಿಂದ ಗೋಲಿಗಳು ಗೆರೆ ಬಿಟ್ಟು ಮೊದಲೇ ಮುಂದೆ ಬಂದುಬಿಡುವುದೂ ಉಂಟು. ಫ್ರಾನ್ಸ್ ವಿರುದ್ಧ 2022ರ ವಿಶ್ವಕಪ್‌ನಲ್ಲೂ 2024ರ ಯುರೋ ಕಪ್‌ನಲ್ಲೂ ಹಾಗೇ ಆಯಿತು. ಎರಡೂ ಸಲ ಮೊದಲ ಹೊಡೆತವನ್ನು ಗೋಲಿ ತಡೆದ, ರೆಫರಿ ಮತ್ತೆ ಹೊಡೆಸಿದರು, ಎರಡೂ ಸಲ ಗೋಲು.

ಊಟದಲ್ಲಿ ಸಿಹಿ ಮೊದಲು ತಿಂತಾನಂತೆ?

ಹೌದು, ಊಟದ ಕ್ರಮವನ್ನೇ ತಿರುಗಿಸಿದ್ದಾನೆ. ಸಿಹಿ ಮೊದಲು, ಸೂಪು ಕೊನೆಗೆ. ಇದರ ಹಿಂದೆ ಇರೋದು ಹೆಂಡತಿ ಅನ್ನಾಳ ಸಲಹೆ. ಆಹಾರ, ವ್ಯಾಯಾಮ ಅವಳ ಕಸುಬು. ಬಾಳೆ ಎಲೆಯ ತುದಿಗೆ ಮೊದಲು ಪಾಯಸ ಬಡಿಸುವ ನಮ್ಮವರಿಗೆ ಇದು ಅಷ್ಟೇನೂ ವಿಚಿತ್ರ ಅನ್ನಿಸಲಾರದು.

ಬಾರ್ಸಿಲೋನಾದಲ್ಲಿ ಹೇಗೆ ಆಡಿದ?

ಬಾಯರ್ನ್ ಬಿಡುವಾಗ 375 ಪಂದ್ಯ, 344 ಗೋಲು. ಬುಂಡೆಸ್‌ಲಿಗಾದಲ್ಲಿ ಒಟ್ಟು 312, ಅವನ ಮುಂದೆ ಇರೋದು ಮ್ಯುಲರ್ ಒಬ್ಬರೇ. 2022ರ ಬೇಸಿಗೆಯಲ್ಲಿ ಸುಮಾರು 4.5 ಕೋಟಿ ಯೂರೊಗೆ ಬಾರ್ಸಿಲೋನಾ ಸೇರಿದಾಗ ವಯಸ್ಸು 34ರ ಹೊಸ್ತಿಲಲ್ಲಿ. ‘ಇಷ್ಟು ವಯಸ್ಸಾದವನಿಗೆ ಇಷ್ಟು ದುಡ್ಡಾ’ ಅಂದವರು ಬಹಳ ಜನ. ಮೊದಲ ವರ್ಷವೇ ಸ್ಪೇನಿನ ಲೀಗ್ ಲಾ ಲಿಗಾದ ಕಪ್ ಬಂತು, 23 ಗೋಲಿನಿಂದ ಸ್ಪೇನಿನ ಅಗ್ರ ಸ್ಕೋರರ್ ಕೂಡ ಆದ.

ಎರಡನೇ ವರ್ಷ ಸ್ವಲ್ಪ ಮಂಕು. ಆಮೇಲೆ ಬಾಯರ್ನ್‌ನ ಹಳೆಯ ಕೋಚ್ ಹಾನ್ಸಿ ಫ್ಲಿಕ್ ಬಂದರು. ಎರಡೂ ಬದಿಯಲ್ಲಿ ಲಮೀನ್ ಯಮಾಲ್, ರಫೀನಾ. ನಡುವೆ 36 ದಾಟಿದ ಇವನು. 2024-25ರಲ್ಲಿ ಲೀಗ್ ಒಂದರಲ್ಲೇ 27 ಗೋಲು. ಲೀಗೂ ಬಂತು, ಸ್ಪೇನಿನ ಕಪ್ ಕೋಪಾ ಡೆಲ್ ರೇ ಕೂಡ ಬಂತು. 2024ರ ನವೆಂಬರ್ 26ರಂದು ಬ್ರೆಸ್ಟ್ ವಿರುದ್ಧ ಚಾಂಪಿಯನ್ಸ್ ಲೀಗಿನ ನೂರನೇ ಗೋಲು. ಅವನಿಗಿಂತ ಮೊದಲು ಅದನ್ನು ಮುಟ್ಟಿದವರು ರೊನಾಲ್ಡೊ ಮತ್ತು ಮೆಸ್ಸಿ ಇಬ್ಬರೇ.

ಪೋಲೆಂಡ್ ಪರ ಅವನ ಸಾಧನೆ ಏನು? ವಿಶ್ವಕಪ್‌ನಲ್ಲಿ ಯಾಕೆ ಮಿಂಚಲಿಲ್ಲ?

2008ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಮರಿನೊ ವಿರುದ್ಧ ಮೊದಲ ಪಂದ್ಯ, ಅದರಲ್ಲೇ ಗೋಲು. ವೊವೋಜಿಮಿಯೆಜ್ ಲುಬಾನ್ಸ್ಕಿಯ 48 ಗೋಲಿನ ಹಳೆಯ ದಾಖಲೆಯನ್ನು 2017ರಲ್ಲಿ ದಾಟಿದ. ಈಗ 80ಕ್ಕೂ ಜಾಸ್ತಿ ಗೋಲು, 150ಕ್ಕೂ ಹೆಚ್ಚು ಪಂದ್ಯ. ಎರಡೂ ಪೋಲೆಂಡಿನ ದಾಖಲೆ. 2018ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ 16 ಗೋಲು ಹೊಡೆದ.

ಆದರೆ ವಿಶ್ವಕಪ್‌ಗೆ ಬಂದರೆ ಬಾಗಿಲು ಮುಚ್ಚಿದಂತೆ. 2018ರಲ್ಲಿ ಒಂದೂ ಗೋಲಿಲ್ಲ. ಕಾರಣ ಸರಳ. ಬಾಯರ್ನ್‌ನಲ್ಲಿ ಪಂದ್ಯಕ್ಕೆ ಹತ್ತು ಸಲ ಚೆಂಡು ಸಿಕ್ಕರೆ, ಇಲ್ಲಿ ಎರಡು ಸಲ ಸಿಗುವುದೂ ಕಷ್ಟ. ತಂಡ ಹಿಂದೆ ನಿಂತು ತಡೆಯುವ ಆಟ ಆಡುತ್ತದೆ, ಮುಂದೆ ಇವನೊಬ್ಬನೇ.

2022ರಲ್ಲಿ ಮೆಕ್ಸಿಕೊ ವಿರುದ್ಧ ಪೆನಾಲ್ಟಿಯನ್ನು ಗೋಲಿ ಒಚೋವಾ ತಡೆದುಬಿಟ್ಟ. ನಾಲ್ಕು ದಿನದ ನಂತರ ಸೌದಿ ಅರೇಬಿಯಾ ಎದುರು, 82ನೇ ನಿಮಿಷ. ಎದುರಾಳಿಯ ಕಾಲಿನಿಂದ ಜಾರಿದ ಚೆಂಡನ್ನು ಕಸಿದು ಒಳಗೆ ತಳ್ಳಿದ. ಎರಡು ತೋಳು ಚಾಚಿ ಓಡಿದವನು ಹುಲ್ಲಿನ ಮೇಲೆ ಮಕಾಡೆ ಬಿದ್ದ. ಎದ್ದಾಗ ಕಣ್ಣಲ್ಲಿ ನೀರು. ಅಷ್ಟು ಹೊತ್ತಿಗೆ ಐನೂರಕ್ಕೂ ಹೆಚ್ಚು ಗೋಲು ಕಂಡವನು ಅವನು. ಈ ಒಂದಕ್ಕೆ ಮಗುವಿನ ಹಾಗೆ ಅತ್ತ. ಆ ಸಲ ಪೋಲೆಂಡ್ 1986ರ ನಂತರ ಮೊದಲ ಬಾರಿಗೆ ಗುಂಪಿನ ಹಂತ ದಾಟಿತು.

2025ರಲ್ಲಿ ನಾಯಕತ್ವದ ಜಗಳ ಏನಾಯಿತು?

ಜೂನ್‌ನ ಪಂದ್ಯಗಳಿಗೆ ದಣಿವಿನ ಕಾರಣ ಹೇಳಿ ಅವನು ಬಂದಿರಲಿಲ್ಲ. ಕೋಚ್ ಮಿಹಾವ್ ಪ್ರೊಬಿಯೆಜ್ ನಾಯಕನ ತೋಳುಪಟ್ಟಿಯನ್ನು ಪಿಯೊಟ್ರ್ ಜೆಲಿನ್ಸ್ಕಿಗೆ ಕೊಟ್ಟರು. ಸುದ್ದಿ ತಿಳಿಸಿದ್ದು ಫೋನಿನಲ್ಲಿ. ಈ ಕೋಚ್ ಇರುವವರೆಗೆ ದೇಶದ ಪರ ಆಡುವುದಿಲ್ಲ ಅಂತ ಲೆವಾಂಡೊವ್ಸ್ಕಿ ಬರೆದುಬಿಟ್ಟ. ಎರಡು ದಿನದಲ್ಲಿ ಪೋಲೆಂಡ್ ಫಿನ್ಲೆಂಡ್ ಎದುರು 1-2ರಿಂದ ಸೋತಿತು, ಇನ್ನೆರಡು ದಿನದಲ್ಲಿ ಪ್ರೊಬಿಯೆಜ್ ರಾಜೀನಾಮೆ ಕೊಟ್ಟರು. ಹೊಸ ಕೋಚ್ ಯಾನ್ ಉರ್ಬಾನ್ ಪಟ್ಟಿಯನ್ನು ಮರಳಿ ಇವನ ತೋಳಿಗೆ ಕಟ್ಟಿದರು. ಸೆಪ್ಟೆಂಬರ್‌ನಲ್ಲಿ ಅದೇ ಫಿನ್ಲೆಂಡ್ ವಿರುದ್ಧ 3-1 ಗೆಲುವು, ಒಂದು ಗೋಲು ಅವನದು.

ಜೂನ್‌ನಲ್ಲಿ ಅವನು ಬರಬೇಕಿತ್ತು ಅಂತಲೇ ನನ್ನ ಅನಿಸಿಕೆ. ಆದರೆ 11 ವರ್ಷ ನಾಯಕನಾಗಿದ್ದವನಿಗೆ ಎದುರು ಕೂತು ಹೇಳಬಹುದಿತ್ತು, ಅಲ್ವಾ?

ಹಾಗಾದರೆ ಪೋಲೆಂಡಿನ ಅತಿ ದೊಡ್ಡ ಆಟಗಾರ ಇವನೇನಾ?

ಹಳಬರನ್ನು ಕೇಳಿದರೆ ಒಪ್ಪುವುದಿಲ್ಲ. ಗ್ಜೆಗೊಜ್ ಲಾತೊ 1974ರ ವಿಶ್ವಕಪ್‌ನಲ್ಲಿ 7 ಗೋಲು ಹೊಡೆದು ಅಗ್ರ ಸ್ಕೋರರ್ ಆಗಿದ್ದರು. ಆ ಸಲ ಪೋಲೆಂಡ್ ಮೂರನೇ ಸ್ಥಾನ. ಇನ್ನೊಬ್ಬ ಹಳೆಯ ತಾರೆ ಬೊನ್ಯೆಕ್ ಕಾಲದಲ್ಲಿ, 1982ರಲ್ಲಿ, ಮತ್ತೆ ಮೂರನೇ ಸ್ಥಾನ. ದೇಶದ ಅಂಗಿಯಲ್ಲಿ ಅವರ ನೆನಪು ಭಾರವಾದದ್ದು. ಕ್ಲಬ್ ಆಟದಲ್ಲಿ ಇವನ ಹತ್ತಿರ ಯಾರೂ ಇಲ್ಲ. ಸ್ಟ್ರೈಕರ್ ಅಂತ ಮಾತ್ರ ಕೇಳಿದರೆ ನನ್ನ ಉತ್ತರ ಲೆವಾಂಡೊವ್ಸ್ಕಿ.

ಮೊದಲ ಸಲ ನೋಡುವವರು ಯಾವ ಪಂದ್ಯದಿಂದ ಶುರು ಮಾಡಬೇಕು?

ಎಲ್ಲರೂ ವೋಲ್ಫ್ಸ್‌ಬರ್ಗ್ ಪಂದ್ಯ ಅಂತಾರೆ. ಅದನ್ನು ಎರಡನೆಯದಾಗಿ ಇಟ್ಟುಕೊಳ್ಳಿ. ಮೊದಲು 2011ರ ಆಗ್ಸ್‌ಬರ್ಗ್ ಪಂದ್ಯದ ತುಣುಕುಗಳನ್ನು ನೋಡಿ. ಹಳದಿ ಅಂಗಿ, 23 ವರ್ಷದ ಹುಡುಗ. ಅದಕ್ಕೆ ಕೆಲವೇ ದಿನ ಮುಂಚೆ ಅವನು ಕ್ಲಾಪ್ ಎದುರು ಕೂತು ಮಾತಾಡಿದ್ದ ಅನ್ನೋದು ತಲೆಯಲ್ಲಿರಲಿ.